ಬೈಕ್ ಓಡ್ತಾ ಓಡ್ತಾ ದಿಢೀರ್ ಬಂದ್ ಆಗುತ್ತೆ, ತಣ್ಣಗಾದ್ರೆ ಸ್ಟಾರ್ಟ್ ಆಗುತ್ತೆ. ಫಾಲ್ಟ್ ಎಲ್ಲಿ ಹುಡುಕಬೇಕು?

ಅಣ್ಣಿಗೇರಿ_ರೈಡ್:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾಡೆಲ್, 150 ಸಿಸಿ ಬೈಕ್. ಕಾರ್ಬ್ಯುರೇಟರ್ ಗಾಡಿ, ಡಿಸಿ ಸಿಡಿಐ (ಬ್ಯಾಟರಿ ಕರೆಂಟ್ ತಗೊಂಡು ಪ್ಲಗ್ ಕಿಡಿ ಕೊಡಿಸುವ ಡಬ್ಬಿ) ಇದೆ. ಒಂದು ಲ್ಯಾಬ್‌ಗೆ ಹಳ್ಳಿ ಕ್ಲಿನಿಕ್‌ಗಳಿಂದ ರಕ್ತದ ಸ್ಯಾಂಪಲ್ ತಂದುಕೊಡೋದು ನನ್ನ ಕೆಲಸ. ನವಲಗುಂದ ಕಡೆಯ ಹಳ್ಳಿಗಳು, ಅಣ್ಣಿಗೇರಿ, ಹುಲಕೋಟಿ ಮುಗಿಸಿ ಮಧ್ಯಾಹ್ನದೊಳಗೆ ಗದಗ ಮುಟ್ಟಬೇಕು. ಹಿಂದೆ ಐಸ್ ಡಬ್ಬಿ ಕಟ್ಟಿರ್ತೀನಿ. ದಾರಿಯಲ್ಲಿ ನಿಂತುಬಿಟ್ಟರೆ ಸ್ಯಾಂಪಲ್ ಕೆಡುತ್ತೆ. ಆಮೇಲೆ ಆ ಪೇಷಂಟ್‌ಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕು. ವಯಸ್ಸಾದವರು, ಸಣ್ಣ ಮಕ್ಕಳು ಇರ್ತಾರೆ, ಹೊಟ್ಟೆ ಉರಿಯುತ್ತೆ.

ತೊಂದರೆ ಹೀಗಿದೆ. ಬೆಳಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್. ಅರ್ಧ ಗಂಟೆ ಚೆನ್ನಾಗಿ ಓಡುತ್ತೆ. ಬಿಸಿಲು ಏರಿದ ಮೇಲೆ, ಗಾಡಿ ಪೂರ್ತಿ ಹೀಟ್ ಆದಾಗ, ಕೀ ತೆಗೆದಂಗೆ ಟಕ್ ಅಂತ ಬಂದ್. ಜರ್ಕ್ ಇಲ್ಲ, ಸೂಚನೆ ಇಲ್ಲ. ಕಿಕ್ ಹೊಡೆದರೂ ಇಲ್ಲ, ಸೆಲ್ಫ್ ತಿರುಗಿದರೂ ಇಲ್ಲ. ಹತ್ತು ಹದಿನೈದು ನಿಮಿಷ ನೆರಳಲ್ಲಿ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಅಣ್ಣಿಗೇರಿ ದಾಟಿ ಹುಲಕೋಟಿ ಕಡೆ ಹೋಗುವಾಗ ಜಾಸ್ತಿ.

ಒಂದು ಗ್ಯಾರೇಜ್‌ನಲ್ಲಿ ಪ್ಲಗ್ ಬದಲಿಸಿದರು. ಆಮೇಲೆ ಸಿಡಿಐ ಬದಲಿಸಿದರು. ಆಮೇಲೆ ಕಿಡಿಗೆ ವೋಲ್ಟ್ ಏರಿಸುವ ಇಗ್ನಿಷನ್ ಕಾಯಿಲ್. ಈಗ ಮ್ಯಾಗ್ನೆಟ್ ಪ್ಲೇಟ್ (ಎಂಜಿನ್ ಪಕ್ಕದ ಕವರ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್‌ಗಳ ಪ್ಲೇಟ್) ಪೂರ್ತಿ ಹೊಸದು ಹಾಕಬೇಕು ಅಂತಿದ್ದಾರೆ. ನನ್ನ ಸಂಬಳದಲ್ಲಿ ಅದು ಸಣ್ಣ ಮಾತಲ್ಲ. ಹಾಕಿಸುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು. ತಿಳಿದವರು ದಾರಿ ಹೇಳ್ರಿ.

ಮುಂಡರಗಿ_ಸವಾರ:

ಮೊದಲು ಪೆಟ್ರೋಲ್ ಟ್ಯಾಂಕ್ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತೆ. ಧೂಳು ಕೂತು ಮುಚ್ಚಿಕೊಂಡರೆ ಟ್ಯಾಂಕ್ ಒಳಗೆ ವ್ಯಾಕ್ಯೂಮ್ ಆಗಿ ಪೆಟ್ರೋಲ್ ಇಳಿಯಲ್ಲ. ಅದೂ ಅರ್ಧ ಗಂಟೆ ಓಡಿದ ಮೇಲೇ ಬರುತ್ತೆ, ನಿಂತ ಮೇಲೆ ತಾನೇ ಸರಿಯಾಗುತ್ತೆ. ಬಂದ್ ಆದ ಕೂಡಲೇ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಅದೇ ಕಾರಣ. ನಮ್ಮ ಕಪ್ಪತಗುಡ್ಡದ ಕಡೆ ಕೆಂಪು ಧೂಳಿಗೆ ಇದು ಮಾಮೂಲಿ.

ಗದಗ_ವೈರಿಂಗ್:

ಮುಂಡರಗಿ ಅಣ್ಣಾರು ಹೇಳಿದ್ದು ಸರಿ. ಖರ್ಚಿಲ್ಲದ ಪರೀಕ್ಷೆ, ಅದನ್ನೇ ಮೊದಲು ಮಾಡಿ. ನಾನು ಗದಗಿನಲ್ಲಿ ಟೂ ವೀಲರ್ ವೈರಿಂಗ್ ಕೆಲಸ ಮಾಡ್ತೀನಿ. ಇಂಥ ಗಾಡಿಗಳು ನನ್ನ ಹತ್ತಿರ ಬರೋದು ಎರಡು ಮೂರು ಪಾರ್ಟ್ ಬದಲಿಸಿ ಆದ ಮೇಲೇ. ಅದು ನನಗೆ ಬಹಳ ಬೇಜಾರಿನ ವಿಷಯ. ಹಾಕಿದ ಎಲೆಕ್ಟ್ರಿಕಲ್ ಪಾರ್ಟ್ ಅಂಗಡಿಯವರು ವಾಪಸ್ ತಗೊಳ್ಳಲ್ಲ, ಆ ದುಡ್ಡು ಗಾಡಿ ಮಾಲೀಕನ ಕೈಯಿಂದ ಹೋದ ಹಾಗೇ.

ಬಂದು ಹೋಗುವ ಫಾಲ್ಟ್ ಹಿಡಿಯೋಕೆ ಆಗೋದು ಅದು ಬಂದಿರುವಾಗ ಮಾತ್ರ. ಗ್ಯಾರೇಜ್‌ಗೆ ಗಾಡಿ ತರುವ ಹೊತ್ತಿಗೆ ಅದು ತಣ್ಣಗಾಗಿರುತ್ತೆ, ಎಲ್ಲ ಸರಿ ಇರುತ್ತೆ. ಆಗ ಮಿಸ್ತ್ರಿ ಪಾಪ ಅಂದಾಜಿನ ಮೇಲೆ ಪಾರ್ಟ್ ಬದಲಿಸ್ತಾನೆ. ಹಾಗಾಗಿ ರಸ್ತೆ ಮೇಲೆ, ಬಂದ್ ಆದ ಮೊದಲ ಒಂದೆರಡು ನಿಮಿಷದಲ್ಲಿ ಏನು ನೋಡಬೇಕು ಅನ್ನೋದು ನಿಮಗೇ ಗೊತ್ತಿರಬೇಕು.

ಮ್ಯಾಗ್ನೆಟ್ ಪ್ಲೇಟ್ ಹಾಕಿಸೋದು ಸದ್ಯಕ್ಕೆ ನಿಲ್ಲಿಸಿ. ಮುಂದಿನ ಸಲ ಬಂದ್ ಆದಾಗ ಇಷ್ಟು ಗಮನಿಸಿ ಬರೆಯಿರಿ. ಕೀ ಆನ್ ಇದ್ದಾಗ ನ್ಯೂಟ್ರಲ್ ಲೈಟ್ ಉರಿಯುತ್ತಾ? ಹಾರ್ನ್ ಮೊದಲಿನಷ್ಟೇ ಜೋರಾಗಿ ಹೊಡೆಯುತ್ತಾ? ಸೆಲ್ಫ್ ಎಂದಿನಂತೆ ತಿರುಗುತ್ತಾ? ಆಮೇಲೆ ಒಂದು ಹಳೆ ಪ್ಲಗ್ ಜೊತೆಗಿಟ್ಟುಕೊಳ್ಳಿ. ಪ್ಲಗ್ ಕ್ಯಾಪ್ ಎಳೆದು ಆ ಹಳೆ ಪ್ಲಗ್‌ಗೆ ಹಾಕಿ. ಅದರ ಲೋಹದ ಭಾಗ ಎಂಜಿನ್‌ನ ಬಣ್ಣ ಇಲ್ಲದ ಜಾಗಕ್ಕೆ ಗಟ್ಟಿಯಾಗಿ ತಾಗಿಸಿ ಸೆಲ್ಫ್ ಹೊಡೆದು ಕಿಡಿ ಬರುತ್ತಾ ನೋಡಿ. ಎಂಜಿನ್‌ನಲ್ಲಿರುವ ಪ್ಲಗ್ ಬಿಚ್ಚಬೇಡಿ. ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರ್ತಿರುತ್ತೆ, ಪಕ್ಕದಲ್ಲೇ ಕಿಡಿ ಹಾರಿಸೋದು ಅಪಾಯ. ಹಾಗೇ ಕ್ಯಾಪ್ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬೇಡಿ. ಕರೆಂಟ್‌ಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಕಾಯಿಲ್ ಅಥವಾ ಸಿಡಿಐಯನ್ನೇ ಸುಡಬಹುದು.

ಇನ್ನೊಂದು ಮಾತು. ಆ ಹೈವೇಯಲ್ಲಿ ಲಾರಿಗಳು ಬಹಳ ಜೋರಾಗಿ ಬರ್ತವೆ. ಗಾಡಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಆಮೇಲೆ ಕೈ ಹಚ್ಚಿ.

ಅಣ್ಣಿಗೇರಿ_ರೈಡ್:

ಅಣ್ಣಾರೆ, ನೀವು ಹೇಳಿದಂಗೆ ನೋಡಿದೆ. ಇವತ್ತು ಹುಲಕೋಟಿಗೆ ಸ್ವಲ್ಪ ಮುಂಚೆ ಬಂದ್ ಆಯ್ತು. ಮುಚ್ಚಳ ತೆಗೆದರೆ ಯಾವ ಸದ್ದೂ ಇಲ್ಲ. ಕಾರ್ಬ್ಯುರೇಟರ್ ಕೆಳಗಿನ ಸ್ಕ್ರೂ ಸಡಿಲ ಮಾಡಿದರೆ ಪೆಟ್ರೋಲ್ ಧಾರೆ ಚೆನ್ನಾಗಿದೆ. ನ್ಯೂಟ್ರಲ್ ಲೈಟ್ ಇದೆ, ಹಾರ್ನ್ ಜೋರಾಗಿದೆ, ಸೆಲ್ಫ್ ಎಂದಿನಂತೆ. ಹಳೆ ಪ್ಲಗ್‌ನಲ್ಲಿ ಕಿಡಿ ಪೂರ್ತಿ ಇಲ್ಲ. ಅಂಗೈ ಮರೆ ಮಾಡಿ ನೋಡಿದೆ, ಒಂದು ಚುಕ್ಕೆಯೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಾಗ ದಪ್ಪ ನೀಲಿ ಕಿಡಿ. ಅದೇ ಕ್ಷಣ ಗಾಡಿಯೂ ಸ್ಟಾರ್ಟ್.

ಗದಗ_ವೈರಿಂಗ್:

ಬಹಳ ಚೆನ್ನಾಗಿ ನೋಡಿದ್ದೀರಿ. ಇಷ್ಟರಲ್ಲೇ ಅರ್ಧ ಗಾಡಿ ಪಟ್ಟಿಯಿಂದ ಹೊರಗೆ ಹೋಯ್ತು. ಪೆಟ್ರೋಲ್ ಅಲ್ಲ. ಬ್ಯಾಟರಿ, ಮೇನ್ ಫ್ಯೂಸ್, ಬ್ಯಾಟರಿ ಟರ್ಮಿನಲ್ ಕೂಡ ಅಲ್ಲ, ಯಾಕಂದ್ರೆ ಅವುಗಳಲ್ಲಿ ಒಂದು ಹೋದರೂ ಹಾರ್ನ್, ಸೆಲ್ಫ್ ಎಲ್ಲ ಒಟ್ಟಿಗೆ ಸಾಯ್ತವೆ. ಉಳಿದದ್ದು ಕಿಡಿಯ ದಾರಿ ಮಾತ್ರ.

ಆ ದಾರಿಯಲ್ಲಿ ಎರಡು ಕಡೆಯಿಂದ ಸಿಡಿಐಗೆ ಏನೋ ಬರಬೇಕು. ಒಂದು, ಕೀ ಸ್ವಿಚ್ ಮತ್ತು ಕಿಲ್ ಸ್ವಿಚ್ ಮೂಲಕ ಬ್ಯಾಟರಿಯ 12 ವೋಲ್ಟ್. ಇನ್ನೊಂದು, ಯಾವಾಗ ಕಿಡಿ ಬಿಡಬೇಕು ಅಂತ ಹೇಳುವ ಪಿಕಪ್ ಕಾಯಿಲ್‌ನ ಸಿಗ್ನಲ್. ಎರಡರಲ್ಲಿ ಒಂದು ತಪ್ಪಿದರೂ ಕಿಡಿ ಇಲ್ಲ. ಸಿಡಿಐ, ಇಗ್ನಿಷನ್ ಕಾಯಿಲ್ ಹೊಸದು ಹಾಕಿದ ಮೇಲೂ ಅದೇ ತೊಂದರೆ ಅದೇ ರೀತಿ ಬರ್ತಿದೆ ಅಂದ್ರೆ ಇವೆರಡರ ಮೇಲೇ ನನ್ನ ಕಣ್ಣು.

ಮೊದಲು 12 ವೋಲ್ಟ್ ಬರ್ತಿದೆಯಾ ನೋಡೋಣ. ಮೀಟರ್ ಬೇಡ, ಬಲ್ಬ್ ಸಾಕು. ಪಾರ್ಕಿಂಗ್ ಲೈಟಿನ 5 ವ್ಯಾಟ್ ಬಲ್ಬ್ ಒಂದು ಹೋಲ್ಡರ್ ಸಮೇತ ತಗೊಳ್ಳಿ. ಎರಡು ಉದ್ದ ವೈರ್ ಬೆಸೆಯಿರಿ, ಒಂದಕ್ಕೆ 2 ಆಂಪಿಯರ್ ಫ್ಯೂಸ್ ಹಾಕಿ. ಸಿಡಿಐ ಕಪ್ಲರ್ (ವೈರ್‌ಗಳು ಕೂಡುವ ಪ್ಲಾಸ್ಟಿಕ್ ಜೋಡಣೆ) ಹತ್ತಿರ ಹೋಗಿ. ಫ್ಯೂಸ್ ಇರುವ ವೈರನ್ನು ಸಿಡಿಐಗೆ 12 ವೋಲ್ಟ್ ಬರುವ ವೈರಿಗೆ, ಇನ್ನೊಂದನ್ನು ಸಿಡಿಐನದೇ ಅರ್ತ್ ವೈರಿಗೆ ಜೋಡಿಸಿ. ಬಲ್ಬಿನ ಅರ್ತ್ ಫ್ರೇಮಿಗೋ ಬ್ಯಾಟರಿಗೋ ಕೊಡಬೇಡಿ. ಸಿಡಿಐ ಏನು ನೋಡ್ತಿದೆಯೋ ಬಲ್ಬ್ ಅದನ್ನೇ ನೋಡಬೇಕು. ಹಾಗಾದರೆ ಮಾತ್ರ ಅರ್ತ್ ವೈರ್ ಕೈಕೊಟ್ಟರೂ ಬಲ್ಬ್ ಆರುತ್ತೆ, ನಮಗೆ ಗೊತ್ತಾಗುತ್ತೆ. ವೈರಿನ ಬಣ್ಣ ಕಂಪನಿಗೊಂದು ಥರ, ಹಾಗಾಗಿ ನಾನು ಇಲ್ಲಿ ಬಣ್ಣ ಹೇಳಲ್ಲ. ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಂ ನೋಡಿ. ಕೀ ಆನ್ ಮಾಡಿದಾಗ ಬಲ್ಬ್ ಉರಿಯಬೇಕು, ಆಫ್ ಮಾಡಿದಾಗ ಆರಬೇಕು.

ಬಲ್ಬನ್ನು ಟ್ಯಾಂಕ್ ಪಕ್ಕದಿಂದ ತಂದು ಸ್ಪೀಡೋಮೀಟರ್ ಹತ್ತಿರ ಕಟ್ಟಿ. ಬಿಸಿಲಿಗೆ ಕಾಣಲ್ಲ, ಕಪ್ಪು ರಟ್ಟು ಸುತ್ತಿ ನಳಿಗೆ ಮಾಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಲ್ಲೂ ಸಿಕ್ಕಿಕೊಳ್ಳಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎಲ್ಇಡಿ ಹಾಕಬೇಡಿ. ಎಲ್ಇಡಿಗೆ ಸ್ವಲ್ಪ ಕರೆಂಟ್ ಸಿಕ್ಕರೂ ಉರೀತಾ ಇರುತ್ತೆ, ನಾವು ಎಲ್ಲ ಸರಿ ಇದೆ ಅಂದುಕೊಳ್ತೀವಿ. ತಂತಿ ಬಲ್ಬ್ ಹಾಗಲ್ಲ, ಕರೆಂಟ್ ಕಡಿಮೆ ಆದ ಕೂಡಲೇ ಕೆಂಪಗೆ ಮಂಕಾಗುತ್ತೆ.

ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳಿ. ಬಲ್ಬ್ ನೋಡೋದು ಅವನ ಕೆಲಸ, ನಿಮ್ಮ ಕಣ್ಣು ರಸ್ತೆ ಮೇಲೆ. ಎಂಜಿನ್ ಸತ್ತ ಕ್ಷಣದಲ್ಲಿ ಬಲ್ಬ್ ಆರಿತ್ತಾ, ಮಂಕಾಯ್ತಾ, ಇಲ್ಲ ಹಾಗೇ ಉರೀತಿತ್ತಾ? ಆರಿದರೆ ಕೀ ಸ್ವಿಚ್, ಕಿಲ್ ಸ್ವಿಚ್, ಹೆಡ್ ಹತ್ತಿರ ಬಾಗುವ ವೈರ್, ಇಲ್ಲವೇ ಆ ಅರ್ತ್ ವೈರ್. ಉರೀತಾ ಇದ್ದರೆ ಪಿಕಪ್ ಕಡೆ ಹೋಗೋಣ. ಹೆಡ್ ಹತ್ತಿರ ಅಂದ್ರೆ, ಹ್ಯಾಂಡಲ್ ತಿರುಗಿದಾಗೆಲ್ಲ ಬಾಗುವ ಜಾಗ. ಅಲ್ಲಿ ಪ್ಲಾಸ್ಟಿಕ್ ಚೆನ್ನಾಗೇ ಇರುತ್ತೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಹರಿದಿರ್ತವೆ. ಕೀ ಗೊಂಚಲಿಗೆ ಮನೆ, ಅಂಗಡಿ, ಬೀರು ಎಲ್ಲದರ ಕೀ ಹಾಕಿದ್ದರೆ ಅದನ್ನೂ ತೆಗೆಯಿರಿ. ಆ ತೂಕ ಜೋತಾಡಿ ಕೀ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಸವೆಯುತ್ತೆ.

ಬ್ಯಾಡಗಿ_ಬೈಕ್:

ನಡುವೆ ಬಂದೆ, ಕ್ಷಮಿಸಿ. ಇಷ್ಟೆಲ್ಲ ಯಾಕೆ, ಮೀಟರ್‌ನ ಬೀಪ್ ಮೋಡ್‌ನಲ್ಲಿ ಒಂದೊಂದು ವೈರ್ ಚೆಕ್ ಮಾಡಿದರೆ ಸಾಕಲ್ವಾ? ಬೀಪ್ ಬಂದರೆ ವೈರ್ ಸರಿ, ಬರದಿದ್ದರೆ ಕಟ್. ನಮ್ಮ ಗಾಡಿಯಲ್ಲಿ ಮೆಣಸಿನಕಾಯಿ ಸೀಸನ್‌ನಲ್ಲಿ ಗೋಡೌನ್ ಇಲಿ ವೈರ್ ಕಡಿದಿತ್ತು. ಬೀಪ್‌ನಲ್ಲೇ ಹಿಡಿದೆ.

ಗದಗ_ವೈರಿಂಗ್:

ಇಲಿ ಪೂರ್ತಿ ಕಡಿದಿದ್ದರೆ ಬೀಪ್ ಸಾಕು. ಅರ್ಧ ಹರಿದ ವೈರಿಗೆ ಅದು ಮೋಸ ಮಾಡುತ್ತೆ. ಬೀಪ್ ಮೋಡ್‌ನಲ್ಲಿ ಮೀಟರ್ ಹರಿಸೋದು ತೀರಾ ಸಣ್ಣ ಕರೆಂಟ್. ಒಂದೇ ಎಳೆ ಉಳಿದಿದ್ದರೂ ಅಷ್ಟಕ್ಕೆ ದಾರಿ ಸಿಗುತ್ತೆ. ಬಹಳ ಮೀಟರ್‌ಗಳು 30 ಓಮ್ ತನಕ ಬೀಪ್ ಹೊಡೀತಾವೆ.

ಲೆಕ್ಕ ನೋಡ್ರಿ. 35 ವ್ಯಾಟ್ ಹೆಡ್‌ಲೈಟ್ ಉರಿಯುವಾಗ ಸುಮಾರು 3 ಆಂಪಿಯರ್ ಎಳೆಯುತ್ತೆ. ಆಗ ಅದರ ರೆಸಿಸ್ಟೆನ್ಸ್ 4 ಓಮ್ ಹತ್ತಿರ. ದಾರಿಯಲ್ಲಿ ಒಂದು ಕಪ್ಲರ್ ಹಸಿರುಗಟ್ಟಿ 1 ಓಮ್ ಅಡ್ಡ ಬಂತು ಅಂದುಕೊಳ್ಳಿ. 12 ವೋಲ್ಟ್ ಬ್ಯಾಟರಿಯಿಂದ ಬಲ್ಬಿಗೆ ಸಿಗೋದು 9.6 ವೋಲ್ಟ್ ಮಾತ್ರ. ಅಷ್ಟೂ ಹೊತ್ತು ನಿಮ್ಮ ಮೀಟರ್ ಅದೇ ಕಪ್ಲರ್ ಮೇಲೆ ಪೀಂ ಅಂತ ಖುಷಿಯಿಂದ ಕೂಗುತ್ತೆ.

ಅದಕ್ಕೇ ನಾನು ಯಾವ ವೈರನ್ನೂ ಲೋಡ್ ಇಲ್ಲದೆ ನಂಬಲ್ಲ. ಎಲ್ಲ ಆನ್ ಮಾಡಿ, ಮೀಟರ್ ಡಿಸಿ ವೋಲ್ಟ್‌ನಲ್ಲಿ ಇಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬಾಡಿಗೆ ಹಿಡೀತೀನಿ. ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟ್ ದಾಟಿದರೆ ಅರ್ತ್ ಬಿಚ್ಚಿ ಸ್ಯಾಂಡ್ ಪೇಪರ್ ಹಾಕು ಅಂತಲೇ ಅರ್ಥ. ಹಾಗೇ ಬ್ಯಾಟರಿ ಪ್ಲಸ್‌ನಿಂದ ಸಿಡಿಐ ತನಕ ಅರ್ಧ ವೋಲ್ಟಿಗಿಂತ ಜಾಸ್ತಿ ಕಳೆದುಹೋಗಬಾರದು. ಕಳೆದರೆ ಆ ದಾರಿಯನ್ನು ತುಂಡು ತುಂಡು ಮಾಡಿ ಅಳೆಯಿರಿ. ಫ್ಯೂಸ್ ತನಕ ಎಷ್ಟು, ಕೀ ಸ್ವಿಚ್ ಆಚೆ ಈಚೆ ಎಷ್ಟು, ಕಿಲ್ ಸ್ವಿಚ್ ಆಚೆ ಈಚೆ ಎಷ್ಟು. ಎಲ್ಲಿ ವೋಲ್ಟ್ ಬೀಳುತ್ತೋ ಅಲ್ಲೇ ಕಳ್ಳ.

ಇಲಿ ವಿಷಯ ಹೇಳಿದ್ದು ಒಳ್ಳೆಯದಾಯ್ತು. ಸುಗ್ಗಿಯಲ್ಲಿ ಕಾಳಿನ ಚೀಲದ ಪಕ್ಕ ಗಾಡಿ ನಿಲ್ಲಿಸುವವರು ಸೀಟ್ ಎತ್ತಿ ಒಮ್ಮೆ ನೋಡಬೇಕು.

ಸಪ್ತಾಪುರ_ಎಫ್ಐ:

ಧಾರವಾಡದಿಂದ. ನಂದು ಬಿಎಸ್6 ಗಾಡಿ, ಫ್ಯುಯೆಲ್ ಇಂಜೆಕ್ಷನ್. ಮಳೆಗಾಲದಲ್ಲಿ ಗುಂಡಿಗೆ ಬಿದ್ದಾಗ ಒಮ್ಮೊಮ್ಮೆ ಆಫ್ ಆಗುತ್ತೆ. ಟೋಲ್ ನಾಕಾ ಹತ್ತಿರ ಬಸ್ಸಿನ ಮುಂದೆಯೇ ಆಫ್ ಆಗಿ ಎದೆ ಝಲ್ ಅಂತು. ನನಗೂ ಈ ಬಲ್ಬ್ ಉಪಾಯ ನಡೆಯುತ್ತಾ?

ಗದಗ_ವೈರಿಂಗ್:

ಸಪ್ತಾಪುರದವರೇ, ನಿಮ್ಮ ಗಾಡಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ವೈರಿಗೆ ಗೊತ್ತಿಲ್ಲದೆ ಏನೂ ಜೋಡಿಸಬೇಡಿ. ನಿಮಗೆ ಬೇರೆ ದಾರಿ ಇದೆ, ಅದು ಇನ್ನೂ ಸುಲಭ.

ಮೊದಲು ಸೈಡ್ ಸ್ಟ್ಯಾಂಡ್ ಸ್ವಿಚ್. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲಿನ ಬಹಳ ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತೆ. ಆ ಸ್ವಿಚ್ ಇರೋದು ಗಾಡಿಯ ತೀರಾ ಕೆಳಗೆ, ಕೆಸರು ನೇರವಾಗಿ ಹೊಡೆಯುವ ಜಾಗದಲ್ಲಿ. ಸ್ಟ್ಯಾಂಡ್ ಸ್ಪ್ರಿಂಗ್ ಸಡಿಲಾಗಿದ್ದರೆ ಗುಂಡಿಗೆ ಸ್ಟ್ಯಾಂಡ್ ಒಂದಿಷ್ಟು ಇಳಿಯುತ್ತೆ, ಅಷ್ಟಕ್ಕೇ ಎಂಜಿನ್ ಕಟ್ ಆಗಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡ್ತಿರುವಾಗ ಸ್ವಿಚ್ ಅಲ್ಲಾಡಿಸಿ. ಆಮೇಲೆ ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿ ಮತ್ತೆ ಯಾರಾದರೂ ಅಲ್ಲಾಡಿಸಲಿ, ಚಕ್ರದಿಂದ ಕೈ ದೂರ ಇರಲಿ. ಗೇರ್‌ನಲ್ಲಿ ಮಾತ್ರ ಆಫ್ ಆದರೆ ಅದೇ ಸ್ವಿಚ್ ಅಥವಾ ಅದರ ವೈರ್.

ಆಫ್ ಆದ ಮೇಲೆ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದೂ ಮುಖ್ಯ. ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಸ್ಟಾರ್ಟ್ ಆಗುತ್ತೆ ಅಂದ್ರೆ ಫಾಲ್ ಸೆನ್ಸರ್ ನೋಡಿ. ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸೋಕೆ ಇರೋದು ಅದು. ಅದರ ಸ್ಕ್ರೂ ಸಡಿಲಾಗಿ ಅದು ವಾಲಿದರೆ, ಗಾಡಿ ಬಿದ್ದಿದೆ ಅಂತ ಇಸಿಯು ತಿಳಿದುಕೊಳ್ಳುತ್ತೆ. ಕೀ ಆನ್ ಮಾಡಿದಾಗ ಟ್ಯಾಂಕಿನಿಂದ ಪೆಟ್ರೋಲ್ ಪಂಪಿನ ಗುಂಯ್ ಸದ್ದು ಎರಡು ಮೂರು ಸೆಕೆಂಡ್ ಕೇಳಬೇಕು. ಆಫ್ ಆದ ಹೊತ್ತಿನಲ್ಲಿ ಆ ಸದ್ದು ಇಲ್ಲದಿದ್ದರೆ ಪಂಪ್, ಅದರ ರಿಲೇ, ಫ್ಯೂಸ್ ಅಥವಾ ಕಿಲ್ ಸ್ವಿಚ್. ಎಂಜಿನ್ ಚೆಕ್ ಲೈಟ್ ಬಂದಿದ್ದರೆ ಬ್ಯಾಟರಿ ಬಿಚ್ಚುವ ಮುಂಚೆ ಕೋಡ್ ಓದಿಸಿ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೆ ಕೋಡ್ ಅಳಿಸಿಹೋಗುತ್ತೆ.

ಬಸ್ಸಿನ ಮುಂದೆ ಆಫ್ ಆಯ್ತು ಅಂದಿರಿ. ದಯವಿಟ್ಟು ಇದನ್ನು ಮುಂದೂಡಬೇಡಿ. ಆ ಸ್ಟ್ಯಾಂಡ್ ಸ್ಪ್ರಿಂಗ್ ನಾಳೆಯೇ ನೋಡಿಸಿ.

ಅಣ್ಣಿಗೇರಿ_ರೈಡ್:

ಬಲ್ಬ್ ಕಟ್ಟಿದೆವು. ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೋದೆ. ಗಾಡಿ ಬಂದ್ ಆದಾಗ ಬಲ್ಬ್ ಒಂದು ಚೂರೂ ಮಂಕಾಗಲಿಲ್ಲ ಅಂದ. ನಾನೂ ನಿಂತ ಮೇಲೆ ನೋಡಿದೆ, ಉರೀತಾನೇ ಇತ್ತು. ಅಂದ್ರೆ ಪಿಕಪ್ ಕಾಯಿಲ್ ಅಲ್ವಾ? ಮಿಸ್ತ್ರಿಗೆ ಹೇಳಿದೆ. ಅದಕ್ಕೇ ಮ್ಯಾಗ್ನೆಟ್ ಪ್ಲೇಟ್ ಹಾಕೋಣ ಅಂದಿದ್ದು, ಕಾಯಿಲ್ ಅದರಲ್ಲೇ ಬರುತ್ತೆ ಅಂದರು.

ಗದಗ_ವೈರಿಂಗ್:

ಇನ್ನೂ ಹಾಕಿಸಬೇಡಿ. ಪಿಕಪ್ ಕಡೆ ಅಂತ ಗೊತ್ತಾಯ್ತು, ಕಾಯಿಲ್ಲೇ ಹೋಗಿದೆ ಅಂತ ಇನ್ನೂ ಗೊತ್ತಾಗಿಲ್ಲ. ಕಾಯಿಲ್‌ನಿಂದ ಸಿಡಿಐ ತನಕ ಒಂದು ಮೊಳ ವೈರ್ ಇದೆ, ನಡುವೆ ಕಪ್ಲರ್ ಇದೆ.

ಇವತ್ತು ಮನೆಯಲ್ಲಿ ಗಾಡಿ ತಣ್ಣಗಿರುವಾಗ ಪಿಕಪ್ ಕಪ್ಲರ್ ಎಲ್ಲಿದೆ ಅಂತ ಹುಡುಕಿ ಇಟ್ಟುಕೊಳ್ಳಿ. ಕೀ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಮೀಟರ್ ಓಮ್‌ನಲ್ಲಿಟ್ಟು ಎಂಜಿನ್ ಕಡೆಯಿಂದ ಬರುವ ವೈರಿನಲ್ಲಿ ಅಳೆಯಿರಿ. ಎರಡು ವೈರ್ ಇದ್ದರೆ ಅವುಗಳ ನಡುವೆ. ಒಂದೇ ಇದ್ದರೆ ಆ ವೈರ್ ಮತ್ತು ಎಂಜಿನ್ ಬಾಡಿ ನಡುವೆ. ಬಹಳ ಗಾಡಿಗಳಲ್ಲಿ 100ರಿಂದ 300 ಓಮ್ ಒಳಗೆ ಬರುತ್ತೆ, ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಬಂದದ್ದನ್ನು ಬರೆದಿಡಿ.

ಆಮೇಲೆ ಮೀಟರ್ ಜೇಬಿನಲ್ಲೇ ಇರಲಿ. ಬಂದ್ ಆದ ಕೂಡಲೇ ಅದೇ ಅಳತೆ ಮತ್ತೆ ತಗೊಳ್ಳಿ. ನೀರು ಕುಡಿದು ಬರ್ತೀನಿ ಅಂತ ಹೋಗಬೇಡಿ, ಅಷ್ಟರಲ್ಲಿ ಫಾಲ್ಟ್ ಮಾಯ ಆಗುತ್ತೆ. ಬಿಸಿಯಾದಾಗ ಅಂಕಿ ಸ್ವಲ್ಪ ಜಾಸ್ತಿ ಬಂದರೆ ಹೆದರಬೇಡಿ. ತಾಮ್ರದ ಗುಣವೇ ಅದು, ಒಂದು ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತೆ. 30 ಡಿಗ್ರಿಯಲ್ಲಿ 200 ಓಮ್ ಇದ್ದದ್ದು 90 ಡಿಗ್ರಿಯಲ್ಲಿ 250ರ ಹತ್ತಿರ ಬರೋದು ಸಹಜ. ಇದನ್ನೇ ನೋಡಿ ಕಾಯಿಲ್ ಹೋಗಿದೆ ಅಂತ ಎಸೆದವರಿದ್ದಾರೆ.

ಮೀಟರ್ ಏನೂ ತೋರಿಸದೆ ಓಎಲ್ ಅಂದರೆ ಎಲ್ಲೋ ತುಂಡಾಗಿದೆ. ಕಾಯಿಲ್ ಒಳಗೇ ಇರಬಹುದು, ಹೀಟಿಗೆ ಒಳಗಿನ ಸಣ್ಣ ತಂತಿ ಬಿಟ್ಟುಕೊಳ್ಳೋದು ಹೊಸದೇನಲ್ಲ. ಸೊನ್ನೆಯ ಹತ್ತಿರ ಬಂದರೆ ತುಂಡಾಗಿಲ್ಲ, ವೈರ್ ಎಲ್ಲೋ ಮೈ ಬಿಟ್ಟು ಬಾಡಿಗೆ ತಾಗಿದೆ. ಎರಡಕ್ಕೂ ರಿಪೇರಿ ಬೇರೆ, ಖರ್ಚೂ ಬೇರೆ. ಕಪ್ಲರ್ ಎಳೆದ ಕ್ಷಣವೇ ಗಾಡಿ ಸರಿಯಾಗಿಬಿಟ್ಟರೆ ಕಪ್ಲರ್ ಪಿನ್ ಮೇಲೆ ಅನುಮಾನ ಇಡಿ.

ಅಣ್ಣಿಗೇರಿ_ರೈಡ್:

ಸಿಕ್ಕಿತು ಅಣ್ಣಾರೆ! ತಣ್ಣಗಿದ್ದಾಗ 210 ಇತ್ತು. ಇವತ್ತು ರಸ್ತೆಯಲ್ಲಿ ಬಂದ್ ಆದ ಕೂಡಲೇ ಹಿಡಿದೆ, 2 ಓಮ್. ಮೊದಲು ನಂಬಿಕೆ ಬರಲಿಲ್ಲ. ಕಡ್ಡಿ ಒತ್ತಿ ಮತ್ತೆ ಹಿಡಿದೆ, ಅದೇ 2. ನೋಡ್ತಾ ನೋಡ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಅಂಕಿ ಒಮ್ಮೆ ಕುಣಿದು 240ಕ್ಕೆ ಹೋಗಿ ನಿಂತಿತು. ಕಪ್ಲರ್ ಹಾಕಿ ಕಿಕ್ ಹೊಡೆದೆ, ಸ್ಟಾರ್ಟ್.

ಸಂಜೆ ಮನೆಯಲ್ಲಿ ವೈರ್ ಹಿಡಿದು ಹಿಂದೆ ಹಿಂದೆ ಹೋದೆ. ಮ್ಯಾಗ್ನೆಟ್ ಕವರ್‌ನಿಂದ ಹೊರಬಂದು ಅದು ಮುಂದಿನ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಕವರ್ ಒಳಗೆ ಹಾದು ಮೇಲೆ ಹೋಗುತ್ತೆ. 10 ನಂಬರ್ ಪಾನಾ ಹಾಕಿ ಕವರ್ ತೆಗೆದರೆ ಒಳಗೆ ಎರೆಮಣ್ಣು ಗಟ್ಟಿಯಾಗಿ ಇಟ್ಟಿಗೆಯಾಗಿತ್ತು. ಚೈನ್ ಎಣ್ಣೆ ಕುಡಿದು ಕಪ್ಪಗೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯ್ತು. ಆ ಮಣ್ಣು ವೈರನ್ನು ತಳ್ಳಿಕೊಂಡು ಹೋಗಿ ಎಂಜಿನ್ ಅಂಚಿಗೆ ಒತ್ತಿ ಹಿಡಿದಿದೆ. ಹೊರಗಿನ ಕಪ್ಪು ತೋಳು ಸವೆದಿದೆ, ಒಳಗಿನ ವೈರಿನ ಪ್ಲಾಸ್ಟಿಕ್ ಒಂದು ಅಕ್ಕಿಕಾಳಿನಷ್ಟು ಉದ್ದ ಹೋಗಿ ತಾಮ್ರ ಹೊಳೀತಿತ್ತು. ಹಿಂದಿನ ಮಳೆಗಾಲದಲ್ಲಿ ನವಲಗುಂದ ಕಡೆ ಹೊಲದ ದಾರಿಯಲ್ಲಿ ಹೋಗಿ ಬಂದದ್ದೆಲ್ಲ ಅಲ್ಲೇ ಕೂತಿದೆ.

ಹೀಟ್ ಆದಾಗ ಮಾತ್ರ ಯಾಕೆ ತಾಗುತ್ತೆ? ಮತ್ತೆ ಇದನ್ನು ಹೇಗೆ ರಿಪೇರಿ ಮಾಡಲಿ, ಟೇಪ್ ಸುತ್ತಿದರೆ ಸಾಕಾ?

ಗದಗ_ವೈರಿಂಗ್:

ಓದಿ ಮನಸ್ಸಿಗೆ ಬಹಳ ಖುಷಿ ಆಯ್ತು. ನಿಮ್ಮ ಕಾಯಿಲ್ ಗಟ್ಟಿಮುಟ್ಟಾಗಿದೆ, ಪ್ಲೇಟ್ ಬೇಕಾಗಿಲ್ಲ.

ಎಂಜಿನ್ ಬಿಸಿಯಾದಾಗ ವೈರಿನ ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಮಣ್ಣಿನ ಒತ್ತಡಕ್ಕೆ ತಾಮ್ರ ಕೂದಲೆಳೆಯಷ್ಟು ಮುಂದೆ ಸರಿದು ಲೋಹಕ್ಕೆ ಕೂರುತ್ತೆ. ಆಗ ಪಿಕಪ್ ಕಳಿಸಿದ ಸಿಗ್ನಲ್ ಸಿಡಿಐ ತಲುಪದೆ ಅಲ್ಲೇ ಅರ್ತ್ ಆಗುತ್ತೆ. ತಣ್ಣಗಾದಾಗ ಪ್ಲಾಸ್ಟಿಕ್ ಬಿಗಿಯಾಗಿ ತಾಮ್ರವನ್ನು ಹಿಂದಕ್ಕೆ ಎಳೆಯುತ್ತೆ. ಎಣ್ಣೆ ಹಿಡಿದ ಹಳೆ ವೈರಿನಲ್ಲಿ ಇದು ಇನ್ನೂ ಜಾಸ್ತಿ.

ಬರೀ ಟೇಪ್ ಬೇಡ. ಅಲ್ಲಿಯ ಹೀಟಿಗೆ ಟೇಪಿನ ಅಂಟು ಕರಗಿ ಜಾರುತ್ತೆ. ತಾಮ್ರದ ಎಳೆಗಳು ಪೂರ್ತಿ ಇದ್ದರೆ ಕತ್ತರಿಸಬೇಡಿ. ಕಪ್ಲರ್ ಕಡೆಯ ಪಿನ್ ಹೊರಗೆ ತೆಗೆದು, ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಒಳಗೆ ವೈರ್ ತೂರಿಸಿ ಗಾಯದ ಮೇಲೆ ತಂದು ಬಿಸಿ ಮಾಡಿ. ಅದರ ಮೇಲೆ ಫೈಬರ್ ಗ್ಲಾಸ್ ಸ್ಲೀವ್ ಹಾಕಿ, ವೈಂಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಸಿಗುತ್ತೆ. ಎಳೆ ಹರಿದಿದ್ದರೆ ಮಾತ್ರ ಕತ್ತರಿಸಿ ಬೆಸೆಯಿರಿ. ಆದರೆ ಬೆಸುಗೆ ಸ್ಪ್ರಾಕೆಟ್ ಹತ್ತಿರ ಬರಬಾರದು. ಬೆಸೆದ ಜಾಗ ಕಡ್ಡಿಯಂತೆ ಸೆಟೆದು ನಿಲ್ಲುತ್ತೆ, ಗಾಡಿ ನಡುಕಕ್ಕೆ ಅದರ ಪಕ್ಕದಲ್ಲೇ ಮುರಿಯುತ್ತೆ. ಅಲುಗಾಡದ ಜಾಗದಲ್ಲಿ, ಫ್ರೇಮಿಗೆ ಕ್ಲಿಪ್ ಹಾಕಿದ ಕಡೆ ಬೆಸುಗೆ ಬರಲಿ.

ವೈರನ್ನು ಹಿಡಿದಿಡಲು ಅಲ್ಲಿ ಕಂಪನಿಯವರೇ ಒಂದು ಸಣ್ಣ ಲೋಹದ ಕ್ಲಿಪ್ ಕೊಟ್ಟಿರ್ತಾರೆ. ಚೈನ್ ಸ್ಪ್ರಾಕೆಟ್ ಬದಲಿಸುವಾಗ ಅದು ಬಹಳ ಸಲ ಕಳೆದುಹೋಗುತ್ತೆ. ನಿಮ್ಮದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿಸಲೇಬೇಕು, ಇಲ್ಲ ಅಂದ್ರೆ ಹೊಸ ಸ್ಲೀವನ್ನೂ ಚೈನ್ ತಿಂದುಹಾಕುತ್ತೆ.

ಕವರ್ ಹಾಕುವ ಮುಂಚೆ ಮೀಟರ್ ಹಚ್ಚಿ, ವೈರ್ ಅಲ್ಲಾಡಿಸಿ, 210 ಕದಲದೆ ನಿಂತಿದೆಯಾ ನೋಡಿ. ಕವರ್ ಬಿಗಿದ ಮೇಲೆ ಇನ್ನೊಮ್ಮೆ ನೋಡಿ, ಕವರ್ ಒತ್ತಿಯೂ ವೈರ್ ಸಿಕ್ಕಿಕೊಳ್ಳೋದುಂಟು.

ಅಣ್ಣಿಗೇರಿ_ರೈಡ್:

ಕ್ಲಿಪ್ ಇರಲಿಲ್ಲ! ಬೋಲ್ಟಿನ ತೂತು ಮಾತ್ರ ಇದೆ. ನಾಳೆ ಹಾಕಿಸ್ತೀನಿ. ಬಲ್ಬಿನ ವೈರ್ ಹಾಗೇ ಬಿಡಲಾ, ತೆಗೆಯಲಾ?

ಗದಗ_ವೈರಿಂಗ್:

ಒಂದೆರಡು ವಾರ ಬಿಡಿ, ಬಿಸಿಲಲ್ಲಿ ನಿಮ್ಮ ಪೂರ್ತಿ ರೂಟ್ ಓಡಲಿ. ಆಮೇಲೆ ತೆಗೆದುಬಿಡಿ. ವೈರ್ ಸುಲಿದು ಜೋಡಿಸಿದ ಕಡೆ ಬಿಚ್ಚಿದ ಮೇಲೆ ಸ್ಲೀವ್ ಹಾಕಿ ಮುಚ್ಚಿ, ಅಲ್ಲಿ ನೀರು ಹೋದರೆ ಒಳಗಿಂದ ಹಸಿರುಗಟ್ಟುತ್ತೆ. ಬಲ್ಬ್, ಹೋಲ್ಡರ್, ಫ್ಯೂಸ್ ಸೀಟಿನ ಕೆಳಗೆ ಟೂಲ್ ಜೊತೆ ಇರಲಿ. ಮಳೆಗಾಲ ಶುರುವಾದ ಮೇಲೆ ಚೈನಿಗೆ ಎಣ್ಣೆ ಬಿಡುವಾಗೆಲ್ಲ ಆ ಸ್ಪ್ರಾಕೆಟ್ ಕವರ್ ತೆಗೆದು ಮಣ್ಣು ಕೆರೆದು ಹಾಕಿ. ಒಣಗಲು ಬಿಟ್ಟರೆ ನಮ್ಮ ಎರೆಮಣ್ಣು ಕಲ್ಲಾಗುತ್ತೆ, ಹಸಿ ಇರುವಾಗಲೇ ತೆಗೆಯೋದು ಸುಲಭ. ಪ್ರೆಷರ್ ವಾಶ್ ಮಾಡಿಸಿದರೆ ಸಿಡಿಐ ಕಪ್ಲರ್ ಕಡೆ ನೀರು ಹೊಡೆಯದಂತೆ ಹುಡುಗನಿಗೆ ಮೊದಲೇ ಹೇಳಿ.